ಹಾಜರಿ ಪುಸ್ತಕದಾಚೆಯ ಮಕ್ಕಳು

ಹದಿಹರೆಯದ ಹುಡುಗ ತಂಬಾಕು ತೀಡಿದರೆ, ಬಾಟಲಿ ಹಿಡಿದರೆ ‘ಸಹವಾಸ ದೋಷ’ ಎಂದು ಕೈತೊಳೆದುಕೊಳ್ಳುವುದು ನಮ್ಮ ಹಳೆಯ ರೂಢಿ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಯಲ್ಲಿ ದುಶ್ಚಟಗಳನ್ನೇ ಭಿಕ್ಷೆ ಬೇಡಿ, ಬೈಗುಳದ ಜಾಗಕ್ಕೆ ಕರುಣೆ ತಂದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಸಂಶೋಧನೆಯೂ ನಿಧಾನವಾಗಿ ಹುಡುಗನನ್ನು ದೂರುವುದು ಬಿಟ್ಟು ಅವನ ಮನೆ, ಶಾಲೆ, ಬೀದಿಯತ್ತ ಕಣ್ಣು ಹೊರಳಿಸಿತು.

1992ರಲ್ಲಿ ಅಮೆರಿಕದ ಹಾಕಿನ್ಸ್, ಕ್ಯಾಟಲಾನೊ, ಮಿಲ್ಲರ್ ಅವರು ಮಕ್ಕಳನ್ನು ಅಪಾಯಕ್ಕೆ ದೂಡುವ ಹಾಗೂ ಕಾಪಾಡುವ ಅಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. 1998ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಬಾಲ್ಯದ ಹಿಂಸೆಗೂ ಮುಂದಿನ ವ್ಯಸನಕ್ಕೂ ಇರುವ ನಂಟನ್ನು ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಕುಡಿತ ಬೇರೂರಿದ ಮನೆಗಳ ಮಕ್ಕಳನ್ನು ಅಧ್ಯಯನ ಮಾಡಿದರು. ಐಸ್‌ಲ್ಯಾಂಡ್ ಈ ತಿಳಿವಳಿಕೆಯನ್ನು ನೀತಿಯಾಗಿಸಿತು: ಆಟೋಟಕ್ಕೆ ನೆರವು, ಪೋಷಕರ ಜೊತೆ ಕಳೆಯುವ ಸಮಯ, ಮತ್ತೆ ಮತ್ತೆ ಸಮೀಕ್ಷೆ. ಅಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದ 15-16ರ ಹರೆಯದವರು 1998ರಲ್ಲಿ ಶೇ 42 ಇದ್ದರೆ, 2016ರಲ್ಲಿ ಶೇ 5.

ಭಾರತದಲ್ಲಿ ದೊಡ್ಡ ತಿರುವು ತಂದದ್ದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ 2013ರ ಅಧ್ಯಯನ. ವ್ಯಸನದಲ್ಲಿದ್ದ 4,024 ಮಕ್ಕಳನ್ನು ಬೀದಿಯಲ್ಲೂ ಶಾಲೆಯಲ್ಲೂ ಹುಡುಕಿ ಮಾತನಾಡಿಸಿದಾಗ, ಅವರು ತಂಬಾಕು ಶುರುಮಾಡಿದ್ದ ಸರಾಸರಿ ವಯಸ್ಸು 12.3, ಮದ್ಯ 13.6 ಎಂದು ತಿಳಿಯಿತು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂಸುವ ಅಮಲು ಪದಾರ್ಥಗಳ ಬಳಕೆ ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.7. ಪಂಕ್ಚರ್ ಹಾಕುವ ಸೊಲ್ಯೂಷನ್, ವೈಟ್ನರ್ ಮಕ್ಕಳ ಕೈಗೆಟಕುವ ಬೆಲೆಗೇ ಸಿಗುತ್ತವೆ.

ಅದೇ ವರ್ಷದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 13-15ರ ಹರೆಯದ ತಂಬಾಕು ಬಳಕೆದಾರರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಬರೀ ಶೇ 1.2. ಸಮಾಧಾನಪಡುವ ಮುನ್ನ ಒಂದು ಮಾತು: ಅದು ಶಾಲೆಯ ಮಕ್ಕಳ ಲೆಕ್ಕ. ಬೀದರ್ ಜಿಲ್ಲೆಯ ಔರಾದ್ ತಾಂಡಾಗಳಿಂದ ಅಪ್ಪ-ಅವ್ವನ ಜೊತೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದ ಹುಡುಗ, ಬೀದರ್ ನಗರದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಪಾಯ ಹೆಚ್ಚಿರುವುದು ಅವರಿಗೇ.

ಕಾನೂನಿನ ಕಥೆಯೂ ಹೀಗೆಯೇ. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಡಬ್ಬಾಗಳಲ್ಲಿ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆ ತೂಗಾಡತೊಡಗಿದವು. ಎರಡನ್ನೂ ಹರಿದು ಬಾಯಿಗೆ ಸುರಿದುಕೊಂಡರೆ ಅದೇ ಗುಟ್ಕಾ. ಗಡಿಯದು ಇನ್ನೊಂದು ತೊಡಕು. ಭಾಲ್ಕಿಯಿಂದ ಮಹಾರಾಷ್ಟ್ರದ ಉದಗೀರ, ಔರಾದಿನಿಂದ ಮಹಾರಾಷ್ಟ್ರದ್ದೇ ದೇಗಲೂರು, ತೆಲಂಗಾಣದ ನಾರಾಯಣಖೇಡ ಹತ್ತಿರದ ಪೇಟೆಗಳು. 2015ರಲ್ಲಿ ತೆಲಂಗಾಣ ಕಲಬೆರಕೆ ಸೇಂದಿಯ ಮೇಲೆ ದಾಳಿ ನಡೆಸಿದಾಗ, ಅದರಲ್ಲಿನ ನಿದ್ದೆ ಔಷಧಕ್ಕೆ ಒಗ್ಗಿಹೋಗಿದ್ದವರು ನಿಜಾಮಾಬಾದ್ ಕಡೆಯ ಆಸ್ಪತ್ರೆಗಳಲ್ಲಿ ತುಂಬಿದರು. ಒಂದೊಂದು ರಾಜ್ಯದ ಸಮೀಕ್ಷೆ ತನ್ನ ಗಡಿಗೇ ನಿಂತರೆ ಗಡಿ ದಾಟಿ ಓಡಾಡುವ ಇಂಥ ಬದುಕು ಅರ್ಧವೇ ಕಾಣುತ್ತದೆ.

ಆದ್ದರಿಂದ ಮುಂದಿನ ಅಧ್ಯಯನ ತರಗತಿ ಬಿಟ್ಟು ತಾಂಡಾ, ಗ್ಯಾರೇಜು, ಹೋಟೆಲುಗಳಿಗೆ ಬರಬೇಕು. ಗುಳೆ ಹೋದವರು ಊರಿಗೆ ಮರಳಿದ ತಿಂಗಳುಗಳಲ್ಲಿ, ಮೂರೂ ರಾಜ್ಯಗಳು ಕೂಡಿ ಅದನ್ನು ನಡೆಸಬೇಕು. ಯುವಜನರಿಗೆ ಸಲಹೆ ನೀಡುವ, ನಿಮ್ಹಾನ್ಸ್ ನೆರವಿನ ‘ಯುವ ಸ್ಪಂದನ’ ಕೇಂದ್ರಗಳು ಜಿಲ್ಲೆ ಜಿಲ್ಲೆಯಲ್ಲಿ ಇರುವುದರಿಂದ ತರಬೇತಾದ ಕೈಗಳು ಸಿಗುತ್ತವೆ. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ವಸತಿ, ಊಟ, ಸಂಜೆಗೊಂದು ಆಟದ ಬಯಲು ಸಿಕ್ಕರೆ, ಅದೇ ವ್ಯಸನದ ವಿರುದ್ಧದ ಮೊದಲ ಔಷಧ.