ಇಂಗ್ಲಿಷ್ ವರ್ತಮಾನಕಾಲದ ಎರಡು ರೂಪಗಳು: ಅವುಗಳ ಚರಿತ್ರೆ

ಇಂಗ್ಲಿಷ್ ಭಾಷೆಯಲ್ಲಿ ವರ್ತಮಾನಕಾಲಕ್ಕೆ ‘ಐ ರೀಡ್’ ಎಂದೂ ‘ಐ ಆಮ್ ರೀಡಿಂಗ್’ ಎಂದೂ ಎರಡು ರೂಪಗಳಿರುವುದು ಸರ್ವವಿದಿತವಾದುದು. ಮೊದಲನೆಯದನ್ನು ಸಾಮಾನ್ಯರೂಪವೆಂದೂ ಎರಡನೆಯದನ್ನು ಪ್ರವರ್ತಮಾನರೂಪವೆಂದೂ ಇಲ್ಲಿ ಕರೆಯೋಣ. ಅಭ್ಯಾಸವನ್ನೂ ನಿತ್ಯಸತ್ಯವನ್ನೂ ಹೇಳುವುದಕ್ಕೆ ಸಾಮಾನ್ಯರೂಪ. ಮಾತನಾಡುವ ಕ್ಷಣದಲ್ಲಿ ನಡೆಯುತ್ತಿರುವ ಕ್ರಿಯೆಗೆ ಪ್ರವರ್ತಮಾನರೂಪ. ಅರಿವು, ಪ್ರೀತಿ ಮೊದಲಾದ ಸ್ಥಿತಿವಾಚಕ ಧಾತುಗಳಿಗೆ ಪ್ರವರ್ತಮಾನರೂಪ ಸಲ್ಲದು. ಇದು ಪಾಠಪುಸ್ತಕಗಳ ನಿಯಮ. ಇದನ್ನು ಬೋಧಿಸುವವರು ಕಾಲದ ಸ್ವಭಾವದಿಂದಲೇ ಹುಟ್ಟಿದ ತರ್ಕನಿಯಮವೆಂಬಂತೆ ಬೋಧಿಸುವುದುಂಟು. ಆದರೆ ಭಾಷೆಯ ಚರಿತ್ರೆಯನ್ನು ಪರಿಶೀಲಿಸಿದರೆ ಇದು ತರ್ಕದಿಂದಲ್ಲ, ಬಳಕೆಯಿಂದ, ಅದೂ ಈಚಿನ ಕೆಲವು ಶತಮಾನಗಳ ಬಳಕೆಯಿಂದ ನೆಲೆಗೊಂಡದ್ದೆಂದು ವ್ಯಕ್ತವಾಗುತ್ತದೆ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನ ಇಂಗ್ಲಿಷಿನಲ್ಲಿ ಸಾಮಾನ್ಯರೂಪವೊಂದೇ ನಡೆಯುತ್ತಿರುವ ಕ್ರಿಯೆಗೂ ವಾಡಿಕೆಗೂ ಭವಿಷ್ಯಕ್ಕೂ ಸಾಲುತ್ತಿದ್ದಿತು. ಸಂಸ್ಕೃತದ ‘ಪಠತಿ’ ಎಂಬ ರೂಪವು ‘ಓದುತ್ತಾನೆ’, ‘ಓದುತ್ತಿದ್ದಾನೆ’ ಎಂಬ ಎರಡರ್ಥಗಳನ್ನೂ ಕೊಡುವಂತೆಯೇ ಇದು. ಆದರೂ ‘ಇರು’ ಎಂಬರ್ಥದ ಧಾತುವಿನೊಡನೆ ‘-ಎಂಡೆ’ ಪ್ರತ್ಯಯಾಂತವಾದ ಕೃದಂತವನ್ನು ಸೇರಿಸಿ ಹೇಳುವ ರೀತಿಯೂ ಆಗಲೇ ಇದ್ದಿತು. 9ನೆಯ ಶತಮಾನದ ಕೊನೆಯ ಸುಮಾರಿನಲ್ಲಿ ಓರೋಸಿಯಸನ ಲಾಟಿನ್ ಇತಿಹಾಸಗ್ರಂಥಕ್ಕೆ ಆದ ಇಂಗ್ಲಿಷ್ ಅನುವಾದದಲ್ಲಿ ಇಂಥ ಪ್ರಯೋಗಗಳು ಹೇರಳವಾಗಿ ದೊರೆಯುತ್ತವೆ. ಆದರೆ ಅವುಗಳಿಗೆ ಇಂದಿನ ನಿಯತವಾದ ಅರ್ಥವಿರಲಿಲ್ಲ. ಸಾಮಾನ್ಯರೂಪವಿದ್ದರೂ ಸಾಲುವ ಕಡೆಗಳಲ್ಲಿಯೂ ಅವು ಬಂದಿವೆ.

ಮುಂದೆ ಮಧ್ಯಕಾಲದ ಇಂಗ್ಲಿಷಿನಲ್ಲಿ ‘-ಎಂಡೆ’ ಪ್ರತ್ಯಯವು ಮರೆಯಾಗಿ ಅದರ ಸ್ಥಾನಕ್ಕೆ ‘-ಇಂಗ್’ ಬಂದಿತು. ಈ ‘-ಇಂಗ್’ ಮೊದಲಿಗೆ ಭಾವನಾಮದ ಪ್ರತ್ಯಯ. ‘ಆನ್ ಹಂಟಿಂಗ್’ ಎಂದರೆ ‘ಬೇಟೆಯಲ್ಲಿ’ ಎಂದರ್ಥ. ಅದು ‘ಅ-ಹಂಟಿಂಗ್’ ಎಂದು ಸವೆಯಿತು, ಕೆಲವೆಡೆ ಆ ‘ಅ’ಕಾರವೂ ಲೋಪವಾಯಿತು. ಹೀಗೆ ಕೃದಂತವೂ ಭಾವನಾಮವೂ ಒಂದೇ ಆಕಾರವನ್ನು ತಾಳಿದುವು. ಇಂದಿನ ಪ್ರವರ್ತಮಾನರೂಪಕ್ಕೆ ಇವೆರಡರಲ್ಲಿ ಯಾವುದು ಮೂಲವೆಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ ತನ್ನ ಬೃಹದ್ವ್ಯಾಕರಣದ 1931ರ ಸಂಪುಟದಲ್ಲಿ ಭಾವನಾಮದ ಪಾತ್ರಕ್ಕೆ ಹೆಚ್ಚಿನ ಬೆಲೆ ಕೊಟ್ಟನು. ಫ್ರಾನ್ಸಿನ ಫೆರ್ನಾಂ ಮೊಸ್ಸೆ 1938ರಲ್ಲಿ ಜರ್ಮಾನಿಕ್ ಭಾಷೆಗಳ ಕೃದಂತಪ್ರಯೋಗದ ಚರಿತ್ರೆಯನ್ನೇ ವಿಸ್ತಾರವಾಗಿ ಬರೆದನು.

ಷೇಕ್ಸ್‌ಪಿಯರನ ಕಾಲಕ್ಕೆ ಎರಡು ರೂಪಗಳೂ ಬಳಕೆಯಲ್ಲಿದ್ದರೂ ಅವುಗಳ ನಡುವಣ ಗಡಿ ಸ್ಥಿರವಾಗಿರಲಿಲ್ಲ. ‘ಹ್ಯಾಮ್ಲೆಟ್’ ನಾಟಕದ ಎರಡನೆಯ ಅಂಕದಲ್ಲಿ ಪುಸ್ತಕವನ್ನು ಹಿಡಿದು ಬಂದ ರಾಜಕುಮಾರನನ್ನು ಪೊಲೋನಿಯಸನು ಏನನ್ನು ಓದುತ್ತಿರುವಿರೆಂದು ಕೇಳುವಾಗ ಸಾಮಾನ್ಯರೂಪವನ್ನೇ ಬಳಸುತ್ತಾನೆ. ಕಣ್ಣೆದುರಿಗೆ ನಡೆಯುತ್ತಿರುವ ಕ್ರಿಯೆಯನ್ನು ಕುರಿತ ಪ್ರಶ್ನೆಯಿದು. ಇಂದಿನ ವಿದ್ಯಾರ್ಥಿ ಹಾಗೆ ಬರೆದರೆ ತಪ್ಪೆಂದು ಗೀಟು ಬೀಳುವುದರಲ್ಲಿ ಸಂದೇಹವಿಲ್ಲ.

18ನೆಯ ಶತಮಾನದಲ್ಲಿ ವೈಯಾಕರಣರು ಈ ರೂಪಗಳನ್ನು ವ್ಯವಸ್ಥೆಗೆ ತರಲು ಯತ್ನಿಸಿದರು. ಜೇಮ್ಸ್ ಹ್ಯಾರಿಸನು 1751ರಲ್ಲಿ ಪ್ರಕಟಿಸಿದ ‘ಹರ್ಮೀಸ್’ ಎಂಬ ಗ್ರಂಥದಲ್ಲಿ ಕ್ರಿಯೆಯ ಆರಂಭ, ಮಧ್ಯ, ಸಮಾಪ್ತಿಗಳನ್ನು ಅನುಸರಿಸಿ ಕಾಲಗಳನ್ನು ವಿಂಗಡಿಸಿದನು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತನು 1762ರ ತನ್ನ ವ್ಯಾಕರಣದಲ್ಲಿ ನಿಯತಕಾಲ, ಅನಿಯತಕಾಲ ಎಂಬ ವಿಭಾಗವನ್ನು ಮಾಡಿದನು. ಆದರೆ ಪ್ರವರ್ತಮಾನರೂಪಕ್ಕೆ ಅವನು ಕೊಟ್ಟ ಮಾದರಿ ‘ಐ ಆಮ್ ಲವಿಂಗ್’ ಎಂಬುದು! ಲಾಟಿನ್ ವ್ಯಾಕರಣಗಳಲ್ಲಿ ಪ್ರೀತಿವಾಚಕವಾದ ‘ಆಮೋ’ ಧಾತುವೇ ಕಂಠಪಾಠದ ಮಾದರಿಯಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಯಾವ ಧಾತುವಿಗೆ ಈ ರೂಪವು ಸಲ್ಲದೆಂದು ಇಂದು ಮೊತ್ತಮೊದಲು ಕಲಿಸುತ್ತೇವೆಯೋ ಅದೇ ಧಾತು ಅಂದು ಆ ರೂಪಕ್ಕೆ ಉದಾಹರಣೆಯಾಗಿತ್ತು.

ಕರ್ಮಣಿಪ್ರಯೋಗದ ಚರಿತ್ರೆ ಇದಕ್ಕಿಂತಲೂ ಬಲವಾದ ಸಾಕ್ಷ್ಯ. ಮನೆಯನ್ನು ಕಟ್ಟಲಾಗುತ್ತಿದೆ ಎಂಬರ್ಥದಲ್ಲಿ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುವುದೇ ಹಿಂದೆ ಶಿಷ್ಟಪ್ರಯೋಗವಾಗಿತ್ತು. ‘ಈಸ್ ಬೀಯಿಂಗ್ ಬಿಲ್ಟ್’ ಎಂಬ ರೂಪವು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡಿತು. ರಾಬರ್ಟ್ ಸದಿಯು 1795ರಲ್ಲಿ ಬರೆದ ಕಾಗದವೊಂದರಲ್ಲಿರುವ ಪ್ರಯೋಗವನ್ನು ವಿದ್ವಾಂಸರು ಉದಾಹರಿಸುವುದುಂಟು. ಈ ಹೊಸ ರೂಪವನ್ನು ಹಲವರು ಅಸಾಧುವೆಂದು ಖಂಡಿಸಿದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟನು 1870ರ ತನ್ನ ಗ್ರಂಥದಲ್ಲಿ ಇದರ ಖಂಡನೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಅವರ ಖಂಡನೆ ಫಲಿಸಲಿಲ್ಲ. ಇಂದು ಖಂಡಿತವಾದ ರೂಪವೇ ಸಾಧು. ಮೊದಲಿನ ಶಿಷ್ಟರೂಪವೇ ವಿಚಿತ್ರವಾಗಿ ತೋರುತ್ತದೆ.

ಕನ್ನಡಿಗರಿಗೆ ಇಂಗ್ಲಿಷನ್ನು ಕಲಿಸುವವರಿಗೆ ಈ ಚರಿತ್ರೆಯಿಂದ ಪ್ರಯೋಜನವುಂಟು. ನಮ್ಮಲ್ಲಿಯೂ ‘ಓದುತ್ತಾನೆ’, ‘ಓದುತ್ತಿದ್ದಾನೆ’ ಎಂಬ ಭೇದವಿದೆ. ಆದರೆ ಎರಡು ಭಾಷೆಗಳ ಗಡಿಗಳು ಒಂದೇ ಅಲ್ಲ. ‘ನಾಳೆ ಬರುತ್ತಾನೆ’ ಎಂಬಲ್ಲಿ ನಮ್ಮ ಸಾಮಾನ್ಯರೂಪವು ಭವಿಷ್ಯವನ್ನು ನಿರಾಯಾಸವಾಗಿ ಹೇಳುತ್ತದೆ. ‘ಮೈಸೂರಿನಲ್ಲಿ ವಾಸಿಸುತ್ತಿದ್ದಾರೆ’ ಎಂದು ಶಾಶ್ವತವಾದ ವಾಸವನ್ನೂ ನಾವು ಹೇಳಬಹುದು; ಇಂಗ್ಲಿಷಿನಲ್ಲಿ ಅದೇ ರೂಪವು ವಾಸವು ತಾತ್ಕಾಲಿಕವೆಂಬ ಅರ್ಥವನ್ನು ಸೂಚಿಸೀತು. ‘ಐ ಆಮ್ ನೋಯಿಂಗ್’ ಎಂಬ ತಪ್ಪನ್ನು ಮಾತ್ರ ಪೂರ್ತಿಯಾಗಿ ಕನ್ನಡದ ಮೇಲೆ ಹೊರಿಸುವುದು ನ್ಯಾಯವಲ್ಲ. ಅರಿವಿನ ಸ್ಥಿತಿಯನ್ನು ನಾವು ‘ಗೊತ್ತು’, ‘ತಿಳಿದಿದೆ’ ಎಂದು ಹೇಳುತ್ತೇವೆಯೇ ಹೊರತು ಪ್ರವರ್ತಮಾನರೂಪದಿಂದಲ್ಲ. ಕಂಠಪಾಠಮಾಡಿದ ರೂಪಾವಳಿಯನ್ನು ಎಲ್ಲ ಧಾತುಗಳಿಗೂ ಹಚ್ಚುವುದೂ ಈ ತಪ್ಪಿಗೆ ಒಂದು ಕಾರಣವಾಗಿರಬಹುದು. ಲೌತನ ರೂಪಾವಳಿಯಲ್ಲಿ ಕಂಡದ್ದೂ ಅದನ್ನೇ.

ಆದಕಾರಣ ನಿಯಮವನ್ನು ಬಿಡಬೇಕೆಂದಲ್ಲ. ಇಂದಿನ ಶಿಷ್ಟರ ಬಳಕೆಯನ್ನು ವಿದ್ಯಾರ್ಥಿ ಕಲಿಯಲೇಬೇಕು. ಆದರೆ ಅವನ ವಾಕ್ಯವನ್ನು ತಿದ್ದುವಾಗ ‘ಇದು ಯುಕ್ತಿವಿರುದ್ಧ’ ಎನ್ನುವುದಕ್ಕಿಂತ ‘ಇದು ಈ ಕಾಲದ ಬಳಕೆಯಲ್ಲ’ ಎನ್ನುವುದೇ ಯಥಾರ್ಥವಾದ ಮಾತು. ಹಾಗೆ ಕಲಿತವನು ಮುಂದೆ ಹಳೆಯ ನಾಟಕಗಳನ್ನು ಓದುವಾಗ ಅಲ್ಲಿಯ ಸಾಮಾನ್ಯರೂಪಗಳನ್ನು ಕಂಡು ಕವಿ ತಪ್ಪಿದನೆಂದು ಭಾವಿಸುವುದಿಲ್ಲ.