ಅಣಬೆ ರೋಗ: ಗುರುತು ಹಿಡಿದ ಚರಿತ್ರೆ

ಗ್ಯಾನೊಡರ್ಮ ಕುಲದ ಶಿಲೀಂಧ್ರವು ತೆಂಗು, ಅಡಕೆ ಮರಗಳ ಬೇರು ಮತ್ತು ಬುಡವನ್ನು ಕೊಳೆಯಿಸುವ ರೋಗವೇ ಅಣಬೆ ರೋಗ. ಕಾಂಡದ ಮೇಲೆ ಏಳುವ ಕಾಡು ಅಣಬೆಗಳು ಹಲವು. ಅವುಗಳಲ್ಲಿ ಮಿರ್ಲೆ, ಕೃಷ್ಣರಾಜನಗರ ಸೀಮೆಯ ತೆಂಗಿನ ತೋಟದವರು ತಪ್ಪದೆ ಗುರುತಿಸಬೇಕಾದದ್ದು ಈ ರೋಗದ ಅಣಬೆಯನ್ನು.

1781ರಲ್ಲಿ ಇಂಗ್ಲೆಂಡಿನ ವಿಲಿಯಂ ಕರ್ಟಿಸ್ ಹೊಳಪಿನ ಒಂದು ಅಣಬೆಗೆ ಬೊಲೀಟಸ್ ಲ್ಯೂಸಿಡಸ್ ಎಂದು ಹೆಸರಿಟ್ಟರು. 1881ರಲ್ಲಿ ಫಿನ್ಲೆಂಡಿನ ಕಾರ್ಸ್ಟನ್ ಅದಕ್ಕಾಗಿ ಗ್ಯಾನೊಡರ್ಮ ಕುಲವನ್ನು ರಚಿಸಿದರು. ಇತ್ತ ಮೈಸೂರು ಸಂಸ್ಥಾನದ ಅಡಕೆ ಬೆಳೆಗಾರರು ಸೊರಗುವ ಮರಕ್ಕೂ ಬುಡದ ಅಣಬೆಗೂ ಇರುವ ನಂಟನ್ನು ತಾವೇ ಕಂಡುಕೊಂಡಿದ್ದರು. ಆ ತಿಳಿವಳಿಕೆಗೆ ಸಲ್ಲಬೇಕಾದ ಮನ್ನಣೆ ದೊಡ್ಡದು. ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ ಇ. ಜೆ. ಬಟ್ಲರ್ 1906ರಲ್ಲಿ ಬರೆದರು, 1936ರಲ್ಲಿ ಎಸ್. ವಿ. ವೆಂಕಟರಾಯನ್ ಅಡಕೆ, ತೆಂಗುಗಳ ಮೇಲೆ ಈ ಶಿಲೀಂಧ್ರದ ಜೀವನಕ್ರಮವನ್ನು ವಿವರವಾಗಿ ಪ್ರಕಟಿಸಿದರು. 1952ರ ಚಂಡಮಾರುತದ ನಂತರ ತಂಜಾವೂರಿನ ತೆಂಗಿನ ತೋಟಗಳಲ್ಲೂ ಇದು ಹಬ್ಬಿ, ‘ತಂಜಾವೂರು ಸೊರಗು’ ಎನಿಸಿಕೊಂಡಿತು.

ಈ ರೋಗದ ಅಣಬೆ ಮೊದಲು ಬಿಳಿ ಗಂಟಾಗಿ ಕಾಂಡದಿಂದ ಹೊರಡುತ್ತದೆ. ಹರಡಿದಂತೆ ಅರ್ಧಚಂದ್ರಾಕಾರ ತಾಳಿ, ಮೇಲ್ಮೈ ವಾರ್ನಿಷ್ ಬಳಿದಂತೆ ಕೆಂಗಂದಾಗಿ ಹೊಳೆಯುತ್ತದೆ. ಬೆಳೆಯುತ್ತಿರುವ ಅಂಚು ಮಾತ್ರ ಬಿಳಿ. ಮಗುಚಿ ನೋಡಿದರೆ ಕೊಡೆ ಅಣಬೆಯ ಎಸಳುಗಳು ಇಲ್ಲಿಲ್ಲ, ಒತ್ತಾಗಿ ಸಣ್ಣ ರಂಧ್ರಗಳಿವೆ. ಬಲಿತಾಗ ಅವುಗಳಿಂದ ಕಂದು ಬೀಜಾಣು ಉದುರಿ ಸುತ್ತ ಧೂಳಾಗಿ ಕೂರುತ್ತದೆ. ಸೂಕ್ಷ್ಮದರ್ಶಕದಡಿ ಆ ಬೀಜಾಣುವಿಗೆ ಎರಡು ಗೋಡೆ, ಒಂದು ತುದಿ ಕತ್ತರಿಸಿದ ಹಾಗೆ ಮೊಂಡು. ಕುಲವನ್ನು ಖಚಿತಪಡಿಸುವುದು ಈ ಲಕ್ಷಣವೇ.

ಪ್ರಭೇದದ ಪ್ರಶ್ನೆ ಬೇರೆ. ಏಷ್ಯಾದ ಇಂಥ ಹೊಳಪಿನ ಅಣಬೆಗಳಿಗೆಲ್ಲ, ಕರ್ಟಿಸ್ ಇಟ್ಟ ಹೆಸರನ್ನೇ ಅನುಸರಿಸಿ, ಗ್ಯಾನೊಡರ್ಮ ಲ್ಯೂಸಿಡಮ್ ಎಂದೇ ಬರೆಯುವ ರೂಢಿ ಬಹುಕಾಲ ನಡೆಯಿತು. ಡಿಎನ್‌ಎ ಹೋಲಿಕೆ ಬಂದ ಮೇಲೆ ಆ ಒಂದು ಹೆಸರಿನಡಿ ಹಲವು ಪ್ರಭೇದಗಳು ಸೇರಿಕೊಂಡಿದ್ದುದು ಬಯಲಾಯಿತು. ಚೀನಾದ ಔಷಧಿ ಅಣಬೆಗೆ 2012ರಲ್ಲಿ ಗ್ಯಾನೊಡರ್ಮ ಲಿಂಗ್ಝಿ ಎಂಬ ಹೊಸ ಹೆಸರೇ ಬಂತು. ಹಾಗಾಗಿ ಹಳೆಯ ದಾಖಲೆಗಳಲ್ಲಿನ ಪ್ರಭೇದದ ಹೆಸರನ್ನು ಎಚ್ಚರದಿಂದ ಓದಬೇಕು.

ತೋಟದಲ್ಲಿ ಅಣಬೆ ಕಾಣುವ ಹೊತ್ತಿಗೆ ಬೇರುಗಳು ಸಾಕಷ್ಟು ಕೊಳೆತಿರುತ್ತವೆ. ತೆಂಗಿನಲ್ಲಿ ಕೆಳಗಿನ ಗರಿಗಳು ಹಳದಿಯಾಗಿ ಜೋತುಬೀಳುವುದು, ಬುಡದ ಬಿರುಕಿನಿಂದ ಕಂದು ರಸ ಸೋರುವುದು ಅದಕ್ಕೂ ಮೊದಲೇ ಕಾಣಬಹುದು. ಹೊಂಗೆ, ಗುಲ್‌ಮೊಹರ್ ಮರಗಳೂ ಈ ಶಿಲೀಂಧ್ರಕ್ಕೆ ಆಶ್ರಯ ಕೊಡುವುದರಿಂದ ಬೇಲಿಯ ಸಾಲನ್ನೂ ನೋಡಬೇಕು. ಸತ್ತ ಮರವನ್ನು ಕಡಿದು ಬೊಡ್ಡೆ ಬಿಟ್ಟರೆ ಶಿಲೀಂಧ್ರ ಅದರಲ್ಲೇ ಉಳಿಯುತ್ತದೆ. ಬೊಡ್ಡೆಯನ್ನು ಬೇರುಸಹಿತ ಅಗೆದು ಸುಡಬೇಕು.