ಪಶ್ಚಾತ್ತಾಪದಲ್ಲಿ ಉಳಿದ ನಿರೀಕ್ಷೆ: ಜಪಾನಿನ ಗುಪ್ತ ಕ್ರೈಸ್ತರ 221 ವರ್ಷಗಳು

ಕಡುಕಷ್ಟದ ಕಾಲದಲ್ಲಿ ನಿರೀಕ್ಷೆ ಹೇಗೆ ಉಳಿಯುತ್ತದೆ ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ರಕ್ತಸಾಕ್ಷಿಗಳ ಕಡೆಗೆ ಕೈತೋರಿಸುತ್ತೇವೆ. ಅದು ಯುಕ್ತವೇ ಆಗಿದೆ. ಆದರೆ ರಕ್ತಸಾಕ್ಷಿಯಾಗುವಷ್ಟು ಧೈರ್ಯ ಸಾಲದೆ ಹೋದವರಿಗೆ, ಪ್ರಾಣಭಯದಿಂದ ಕ್ರಿಸ್ತನನ್ನು ನಿರಾಕರಿಸಿ ಮನೆಗೆ ಮರಳಿದವರಿಗೆ ನಿರೀಕ್ಷೆ ಇದೆಯೇ? ಈ ಪ್ರಶ್ನೆಗೆ ಜಪಾನಿನ ಧರ್ಮಸಭೆ ಎರಡು ಶತಮಾನಗಳಿಗೂ ಮೀರಿದ ತನ್ನ ಬಾಳಿನಿಂದಲೇ ಉತ್ತರಿಸಿದೆ.

ಗುರುಗಳಿಲ್ಲದ ಧರ್ಮಸಭೆ

ಆ ಇತಿಹಾಸದ ಮೊದಲ ಪುಟಗಳಲ್ಲಿ ನಮ್ಮ ನೆಲದ ಹೆಸರುಗಳೂ ಇವೆ. ಸಂತ ಫ್ರಾನ್ಸಿಸ್ ಝೇವಿಯರ್ ಜಪಾನಿಗೆ ಹೊರಟದ್ದು ಗೋವೆಯಿಂದ. ಅವರು ಕಾಗೋಶಿಮಾ ತಲುಪಿದ್ದು 1549ರ ಆಗಸ್ಟ್ 15ರಂದು. 1597ರ ಫೆಬ್ರುವರಿ 5ರಂದು ನಾಗಸಾಕಿಯ ನಿಶಿಝಾಕಾ ಗುಡ್ಡದ ಮೇಲೆ ಶಿಲುಬೆಗೇರಿದ 26 ಮಂದಿಯಲ್ಲಿ ವಸಾಯಿಯಲ್ಲಿ ಜನಿಸಿದ ಫ್ರಾನ್ಸಿಸ್ಕನ್ ಸಹೋದರ ಗೊನ್ಸಾಲೊ ಗಾರ್ಸಿಯಾ ಒಬ್ಬರು.

1614ರಲ್ಲಿ ತೊಕುಗಾವಾ ಆಡಳಿತವು ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ದೇವಾಲಯಗಳು ನೆಲಸಮವಾದವು, ಗುರುಗಳು ಗಡೀಪಾರಾದರು. ಅಡಗಿ ಉಳಿದವರನ್ನು ಹುಡುಕಿ ಹಿಡಿಯಲಾಯಿತು. 1637–38ರ ಶಿಮಾಬಾರಾ ದಂಗೆಯ ದಮನದ ನಂತರ ಕಣ್ಗಾವಲು ಇನ್ನಷ್ಟು ಬಿಗಿಯಾಯಿತು. ಪ್ರತಿಯೊಂದು ಕುಟುಂಬವೂ ಬೌದ್ಧ ಮಂದಿರವೊಂದರಲ್ಲಿ ಹೆಸರು ನೋಂದಾಯಿಸಬೇಕಾಯಿತು. ಮಾಹಿತಿ ಕೊಟ್ಟವರಿಗೆ ಬಹುಮಾನ ಘೋಷಿಸಲಾಯಿತು. ನಾಗಸಾಕಿಯ ಪ್ರದೇಶದಲ್ಲಿ ವರ್ಷಕ್ಕೊಮ್ಮೆ ಜನರು ಸಾಲಾಗಿ ಬಂದು ಯೇಸುಸ್ವಾಮಿಯ ಅಥವಾ ಮಾತೆ ಮರಿಯಳ ಪ್ರತಿಮೆಯನ್ನು ಅಧಿಕಾರಿಗಳ ಎದುರಿನಲ್ಲೇ ತುಳಿಯಬೇಕಿತ್ತು. ಇದನ್ನು ‘ಫುಮಿಎ’ ಎಂದು ಕರೆಯುತ್ತಿದ್ದರು. 1644ರಲ್ಲಿ ಕೊನೆಯ ಗುರು ಕೊನಿಶಿ ಮಾನ್ಶೊ ಹತರಾದ ಮೇಲೆ ಈ ವಿಶ್ವಾಸಿಗಳಿಗೆ ಗುರುಗಳ ಸೇವೆಯೇ ಇಲ್ಲವಾಯಿತು. ಬಲಿಪೂಜೆ ಇಲ್ಲ, ಪರಮಪ್ರಸಾದವಿಲ್ಲ, ಪಾಪಕ್ಷಮೆಯ ಮಾತನ್ನಾಡುವ ಬಾಯಿಯೂ ಇಲ್ಲ.

ಉಳಿದದ್ದೇನು? ಮೊದಲನೆಯದು ನೀರು. ಹಳ್ಳಿಗೊಬ್ಬ ಶ್ರೀಸಾಮಾನ್ಯ ಸ್ನಾನದೀಕ್ಷೆ ಕೊಡುವ ಹೊಣೆ ಹೊತ್ತ. ಎರಡನೆಯದು ಪಂಚಾಂಗ. ಸೊತೊಮೆ ಪ್ರದೇಶದ ಧರ್ಮೋಪದೇಶಿ ಬಾಸ್ಟಿಯನ್ ಅವರ ಹೆಸರಿನಲ್ಲಿ ಬಳಕೆಯಲ್ಲಿದ್ದ ಪಂಚಾಂಗದ ಆಧಾರದಿಂದ ಮತ್ತೊಬ್ಬ ಹಿರಿಯ ಹಬ್ಬಗಳನ್ನೂ ತಪಸ್ಸುಕಾಲವನ್ನೂ ಲೆಕ್ಕಹಾಕಿ ಮನೆಮನೆಗೆ ತಿಳಿಸುತ್ತಿದ್ದ. ಏಳು ತಲೆಮಾರುಗಳ ನಂತರ ದೊಡ್ಡ ಹಡಗಿನಲ್ಲಿ ಪಾಪನಿವೇದನೆ ಆಲಿಸುವ ಗುರುಗಳು ಬರುವರೆಂದು ಬಾಸ್ಟಿಯನ್ ನುಡಿದಿದ್ದರೆಂಬ ಮಾತು ತಾಯಿಯಿಂದ ಮಗುವಿಗೆ ಹರಿದು ಬಂತು. ಮೂರನೆಯದು ಪಶ್ಚಾತ್ತಾಪ. ನಮ್ಮ ವಿಚಾರಕ್ಕೆ ಮುಖ್ಯವಾದುದು ಇದೇ.

‘ಕೊಂಚಿರಿಸಾನ್’ ಎಂಬ ಬಾಗಿಲು

ಗುರುಗಳು ಇನ್ನೂ ಇದ್ದ ಕಾಲದಲ್ಲೇ, 1603ರಲ್ಲಿ, ‘ಕೊಂಚಿರಿಸಾನ್ ನೊ ರ್‍ಯಾಕು’ ಎಂಬ ಚಿಕ್ಕ ಕೈಪಿಡಿಯೊಂದು ಸಿದ್ಧವಾಗಿತ್ತು. ಸಂಪೂರ್ಣ ಪಶ್ಚಾತ್ತಾಪ ಎಂಬರ್ಥದ ಪೋರ್ಚುಗೀಸ್ ಪದವೇ ಜಪಾನೀಯರ ನಾಲಿಗೆಯಲ್ಲಿ ‘ಕೊಂಚಿರಿಸಾನ್’ ಆಗಿದೆ. ಪಾಪನಿವೇದನೆಗೆ ಗುರುಗಳು ಸಿಗದಿದ್ದಾಗ, ದೇವರ ಮೇಲಿನ ಪ್ರೀತಿಯಿಂದ ಮನಸಾರೆ ಮರುಗಿ, ಗುರುಗಳು ದೊರೆತಾಗ ನಿವೇದಿಸುವೆನೆಂದು ಸಂಕಲ್ಪಿಸುವವನಿಗೆ ಕ್ಷಮೆಯುಂಟು ಎಂಬುದೇ ಆ ಕೈಪಿಡಿಯ ಸಾರ. ಇದು ಹೊಸ ಬೋಧನೆಯಲ್ಲ. ಟ್ರೆಂಟ್ ಮಹಾಸಭೆ 1551ರ ತನ್ನ 14ನೆಯ ಅಧಿವೇಶನದಲ್ಲಿ ಇದನ್ನೇ ಬೋಧಿಸಿತ್ತು: ಪ್ರೀತಿಯಿಂದ ಪೂರ್ಣಗೊಂಡ ಪಶ್ಚಾತ್ತಾಪವು ಸಂಸ್ಕಾರ ದೊರೆಯುವ ಮುನ್ನವೇ ಮನುಷ್ಯನನ್ನು ದೇವರೊಡನೆ ಸಂಧಾನಗೊಳಿಸುತ್ತದೆ, ಆದರೆ ಸಂಸ್ಕಾರದ ಬಯಕೆ ಆ ಪಶ್ಚಾತ್ತಾಪದಲ್ಲೇ ಅಡಕವಾಗಿರಬೇಕು.

ದೈವಶಾಸ್ತ್ರದ ತರಗತಿಯಲ್ಲಿ ಈ ಕೊನೆಯ ಷರತ್ತನ್ನು ನಾವು ಒಂದು ಸೂಕ್ಷ್ಮ ವಿವರವೆಂದು ಬೋಧಿಸಿ ಮುಂದೆ ಸಾಗುತ್ತೇವೆ. ಆ ಹಳ್ಳಿಗರಿಗೆ ಅದೇ ಪ್ರಾಣವಾಯುವಾಯಿತು. ಅವರು ಪ್ರತಿಮೆಯನ್ನು ತುಳಿದರು, ಮನೆಗೆ ಮರಳಿ ಕೊಂಚಿರಿಸಾನ್ ಪ್ರಾರ್ಥಿಸಿದರು. ಮರುವರ್ಷ ಮತ್ತೆ ತುಳಿಯಬೇಕೆಂದು ತಿಳಿದೇ ಅತ್ತರು. ಇದು ಆತ್ಮವಂಚನೆಯಲ್ಲವೇ ಎಂದು ಕೇಳುವವರುಂಟು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ತಾವು ಮಾಡಿದ್ದು ಪಾಪವಲ್ಲವೆಂದು ಅವರು ತಮ್ಮನ್ನು ಸಮರ್ಥಿಸಿಕೊಳ್ಳಲಿಲ್ಲ, ತಮಗಿನ್ನು ಗತಿಯಿಲ್ಲವೆಂದು ಕೈಚೆಲ್ಲಲೂ ಇಲ್ಲ. ಇವೆರಡರ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಅವರು ನಡೆದರು. ಪ್ರತಿ ಪಶ್ಚಾತ್ತಾಪವೂ ಮುಂದೆಂದೋ ಬರಲಿರುವ ಗುರುವಿನ ಕಡೆಗೆ ಮುಖಮಾಡಿತ್ತು. ಹೀಗೆ ದುಃಖವೇ ಕಾಯುವಿಕೆಯಾಯಿತು, ಕಾಯುವಿಕೆಯೇ ನಿರೀಕ್ಷೆಯಾಯಿತು.

ತಪಸ್ಸುಕಾಲದ 17ನೆಯ ದಿನ

1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾದಲ್ಲಿ, ವಿದೇಶೀಯರಿಗಾಗಿ ಆಗಷ್ಟೇ ಕಟ್ಟಿದ್ದ ದೇವಾಲಯಕ್ಕೆ ಉರಾಕಾಮಿಯ ಕೆಲವರು ಬಂದರು. ಆ ದೇವಾಲಯ ನಿಶಿಝಾಕಾದ 26 ರಕ್ತಸಾಕ್ಷಿಗಳಿಗೇ ಅರ್ಪಿತವಾದುದು. ಅಲ್ಲಿದ್ದ ಫ್ರೆಂಚ್ ಗುರು ಬರ್ನಾರ್ ಪೆತಿಜಾನ್ ಅವರ ಬಳಿ ಒಬ್ಬ ಹೆಂಗಸು ಮೆಲುದನಿಯಲ್ಲಿ, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದು ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಮಾತು ಮುಂದುವರಿದಾಗ, ಅಂದು ದುಃಖದ ಕಾಲದ, ಅಂದರೆ ತಪಸ್ಸುಕಾಲದ, 17ನೆಯ ದಿನವೆಂದು ಅವರೇ ಹೇಳಿದರು. ಆ ವರ್ಷ ವಿಭೂತಿ ಬುಧವಾರ ಬಂದದ್ದು ಮಾರ್ಚ್ 1ರಂದು; ಎಣಿಸಿ ನೋಡಿದರೆ ಒಂದು ದಿನವೂ ತಪ್ಪಿಲ್ಲ. ಗುರುವಿಲ್ಲದ 221 ವರ್ಷಗಳ ನಂತರವೂ ಅವರು ಜಾಗತಿಕ ಧರ್ಮಸಭೆಯೊಡನೆ ಒಂದೇ ದಿನ ಉಪವಾಸದಲ್ಲಿದ್ದರು.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಬೆಳಕಿಗೆ ಬಂದದ್ದೇ ಅವರಿಗೆ ಅಪಾಯವಾಯಿತು. 1867ರಲ್ಲಿ ಬಂಧನಗಳು ಆರಂಭವಾದವು. ಮುಂದೆ ಉರಾಕಾಮಿಯ 3,394 ಮಂದಿಯನ್ನು ಬೇರೆಬೇರೆ ಪ್ರಾಂತಗಳಿಗೆ ಗಡೀಪಾರು ಮಾಡಲಾಯಿತು. 1873ರಲ್ಲಿ ನಿಷೇಧ ಸಡಿಲವಾಗುವ ವೇಳೆಗೆ 600ಕ್ಕೂ ಹೆಚ್ಚು ಮಂದಿ ಅಸುನೀಗಿದ್ದರು. ಹಿಂಸೆ ತಾಳಲಾರದೆ ಅಲ್ಲಿಯೂ ಅನೇಕರು ವಿಶ್ವಾಸವನ್ನು ನಿರಾಕರಿಸಿದರು; ಅವರಲ್ಲಿ ಹಲವರು ಹಿಂತಿರುಗಿ ಬಂದರು. ಇನ್ನು ಹಳ್ಳಿಗಳಲ್ಲಿದ್ದ ಗುಪ್ತ ಕ್ರೈಸ್ತರೆಲ್ಲರೂ ಧರ್ಮಸಭೆಯನ್ನು ಸೇರಲಿಲ್ಲ. ತಮ್ಮ ಹಿರಿಯರ ಪದ್ಧತಿಯನ್ನೇ ಹಿಡಿದುಕೊಂಡು ಹೊರಗುಳಿದವರೂ ಬಹಳ ಮಂದಿ.

ಗುರುಗಳಾಗಿರುವ ನಮಗೂ ಗುರುಗಳಾಗಲಿರುವವರಿಗೂ ಈ ಇತಿಹಾಸ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಹತಾಶೆಗೊಳಗಾದವರ ಮುಂದೆ ನಾವು ಬಹುಬೇಗ ಧೈರ್ಯದ ಮಾತನ್ನಾಡುತ್ತೇವೆ. ನಿರೀಕ್ಷೆಯೆಂದರೆ ಮನೋಬಲವೆಂಬಂತೆ ಬೋಧಿಸುತ್ತೇವೆ. ಮನೋಬಲ ಇಲ್ಲದವನಿಗೆ ಆ ಬೋಧನೆ ಮತ್ತೊಂದು ಹೊರೆಯಷ್ಟೇ. ಜಪಾನಿನ ಆ ರೈತರು, ಬೆಸ್ತರು ಬಲಶಾಲಿಗಳೆಂಬ ಕಾರಣಕ್ಕೆ ಉಳಿದವರಲ್ಲ. ಬಿದ್ದ ಮೇಲೂ ಮರಳಲು ಬಾಗಿಲೊಂದಿದೆಯೆಂದು ಅವರಿಗೆ ಮೊದಲೇ ಯಾರೋ ಕಲಿಸಿಕೊಟ್ಟಿದ್ದರು. ಕಲಿಸಿದವರು ಹತರಾದರು, ಕಲಿಸಿದ್ದು ಉಳಿಯಿತು. ನಾವು ಇಲ್ಲದ ದಿನದಲ್ಲಿಯೂ ನಮ್ಮ ಜನರು ದೇವರ ಬಳಿಗೆ ಹಿಂತಿರುಗಲು ಬಲ್ಲವರಾಗಿರಬೇಕು. ನಮ್ಮ ಬೋಧನೆಯನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದಲೇ.